ನಡುರಾತ್ರಿಯ ಕರೆಗೆ ಯಾರು ಬರಬೇಕು?

ಅದು 1987ರ ಸೆಪ್ಟೆಂಬರ್ 24. ಅಮೆರಿಕದ ಟೆನೆಸ್ಸಿ ರಾಜ್ಯದ ಮೆಂಫಿಸ್ ನಗರದಲ್ಲಿ ತಾಯಿಯೊಬ್ಬಳು ಸಹಾಯ ಕೋರಿ ಪೊಲೀಸರಿಗೆ ದೂರವಾಣಿ ಕರೆ ಮಾಡಿದಳು. ಮನೋರೋಗದಿಂದ ಬಳಲುತ್ತಿದ್ದ ಆಕೆಯ 27 ವರ್ಷದ ಮಗ ಚಾಕು ಹಿಡಿದು ತನ್ನ ಮೈಯನ್ನು ತಾನೇ ಕೊಯ್ದುಕೊಳ್ಳುತ್ತಿದ್ದ. ಪೊಲೀಸರು ಬಂದರು. ಚಾಕು ಕೆಳಗೆ ಹಾಕುವಂತೆ ಆಜ್ಞೆ ಮಾಡಿದರು. ಆತ ಹಾಕಲಿಲ್ಲ, ಇನ್ನಷ್ಟು ಕೆರಳಿ ಅವರತ್ತ ಓಡಿ ಬಂದ. ಗುಂಡುಗಳು ಹಾರಿದವು. ಯಾರ ಜೀವ ಉಳಿಸಲೆಂದು ಪೊಲೀಸರನ್ನು ಕರೆಯಲಾಗಿತ್ತೋ ಅವನೇ ಪೊಲೀಸರ ಗುಂಡಿಗೆ ಬಲಿಯಾದ.

ಸತ್ತವನು ಕಪ್ಪು ಜನಾಂಗದವನು, ಗುಂಡು ಹಾರಿಸಿದವರು ಬಿಳಿಯರು. 1968ರ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಊರೂ ಇದೇ ಮೆಂಫಿಸ್. ಹೀಗಾಗಿ ಊರಿನಲ್ಲಿ ಆಕ್ರೋಶ ಭುಗಿಲೆದ್ದುದು ಆಶ್ಚರ್ಯವಲ್ಲ. ಆದರೆ ಆ ಆಕ್ರೋಶದ ನಡುವೆ ಇನ್ನೊಂದು ಪ್ರಶ್ನೆಯೂ ಎದ್ದಿತು. ಎದೆನೋವು ಬಂದವನ ಮನೆಗೆ ಆಂಬುಲೆನ್ಸ್ ಬರುತ್ತದೆ, ಬೆಂಕಿ ಬಿದ್ದ ಮನೆಗೆ ಅಗ್ನಿಶಾಮಕ ದಳ ಬರುತ್ತದೆ. ಮನಸ್ಸು ಕೆಟ್ಟು ಕಂಗಾಲಾದವನ ಮನೆಗೆ ಮಾತ್ರ ಪಿಸ್ತೂಲು ಕಟ್ಟಿಕೊಂಡ ಪೊಲೀಸನೇ ಏಕೆ ಬರಬೇಕು?

ಈ ಪ್ರಶ್ನೆಗೆ ಮೆಂಫಿಸ್ ನಗರ ಕಂಡುಕೊಂಡ ಉತ್ತರ ಮುಂದೆ ಹಲವು ದೇಶಗಳಿಗೆ ಹಬ್ಬಿತು. ಅದನ್ನು ಸಾಮಾನ್ಯವಾಗಿ 'ಪೊಲೀಸರಿಗೆ ಕೊಟ್ಟ ತರಬೇತಿ' ಎಂದು ಬಣ್ಣಿಸಲಾಗುತ್ತದೆ. ಅದು ಅರ್ಧ ಸತ್ಯ. ಪೊಲೀಸರು, ಆಸ್ಪತ್ರೆ ಮತ್ತು ರೋಗಿಗಳ ಕುಟುಂಬದವರು ಒಂದೆಡೆ ಕುಳಿತು ಕೆಲಸ ಹಂಚಿಕೊಂಡದ್ದು ಇದರ ಮುಖ್ಯ ಅಂಶ. ಒಲೆಗೆ ಮೂರು ಕಲ್ಲು ಬೇಕು. ಒಂದು ಕಲ್ಲು ಸರಿದರೂ ಮಡಕೆ ನಿಲ್ಲುವುದಿಲ್ಲ. ಈ ಪ್ರಯೋಗಗಳ ನಾಲ್ಕು ದಶಕದ ಇತಿಹಾಸ ಹೇಳುವುದು ಅದನ್ನೇ.

ಆಸ್ಪತ್ರೆಯಿಂದ ಬೀದಿಗೆ

ಈ ಕತೆ 1987ಕ್ಕಿಂತ ಬಹಳ ಹಿಂದೆ ಆರಂಭವಾಗುತ್ತದೆ. ಇಪ್ಪತ್ತನೇ ಶತಮಾನದ ಮಧ್ಯಭಾಗದವರೆಗೆ ಅಮೆರಿಕದಲ್ಲಿ ತೀವ್ರ ಮನೋರೋಗಿಗಳನ್ನು ಊರಾಚೆಯ ದೊಡ್ಡ ದೊಡ್ಡ ಸರ್ಕಾರಿ ಹುಚ್ಚಾಸ್ಪತ್ರೆಗಳಲ್ಲಿ ಇಡಲಾಗುತ್ತಿತ್ತು. 1955ರಲ್ಲಿ ಇಂಥ ಆಸ್ಪತ್ರೆಗಳಲ್ಲಿ ಸುಮಾರು 5 ಲಕ್ಷ 58 ಸಾವಿರ ಮಂದಿ ಇದ್ದರು. ಒಳಗೆ ಹೋದವರಲ್ಲಿ ಎಷ್ಟೋ ಮಂದಿ ಹೊರಗೆ ಬರುತ್ತಲೇ ಇರಲಿಲ್ಲ.

ಆ ಹೊತ್ತಿಗೆ ಎರಡು ಬದಲಾವಣೆಗಳಾದವು. 1952ರಲ್ಲಿ ಫ್ರಾನ್ಸ್‌ನ ವೈದ್ಯರು ಕ್ಲೋರ್‌ಪ್ರೊಮಜೀನ್ ಎಂಬ ಔಷಧಿಯನ್ನು ಮನೋರೋಗಕ್ಕೆ ಬಳಸತೊಡಗಿದರು. 1954ರಲ್ಲಿ ಅದು ಅಮೆರಿಕಕ್ಕೂ ಬಂತು. ಭ್ರಮೆ, ಉದ್ರೇಕಗಳನ್ನು ಹತೋಟಿಗೆ ತರುವ ಗುಳಿಗೆಯೊಂದು ಮೊದಲ ಬಾರಿಗೆ ವೈದ್ಯರ ಕೈಸೇರಿತು. ಎರಡನೆಯದು ರಾಜಕೀಯದ್ದು. 1963ರ ಅಕ್ಟೋಬರ್ 31ರಂದು ಅಧ್ಯಕ್ಷ ಕೆನಡಿ ಸಮುದಾಯ ಮಾನಸಿಕ ಆರೋಗ್ಯ ಕಾಯಿದೆಗೆ ಸಹಿ ಹಾಕಿದರು. ದೊಡ್ಡ ಆಸ್ಪತ್ರೆಗಳನ್ನು ಬರಿದು ಮಾಡಿ, ಊರೂರಿನಲ್ಲಿ ಚಿಕಿತ್ಸಾ ಕೇಂದ್ರಗಳನ್ನು ತೆರೆದು, ರೋಗಿಯನ್ನು ತನ್ನವರ ನಡುವೆಯೇ ಗುಣಪಡಿಸುವುದು ಅದರ ಉದ್ದೇಶ. ಕೆನಡಿಯ ತಂಗಿ ರೋಸ್‌ಮೇರಿ 1941ರ ಮಿದುಳಿನ ಶಸ್ತ್ರಚಿಕಿತ್ಸೆಯ ನಂತರ ಶಾಶ್ವತವಾಗಿ ಅಸಹಾಯಕಳಾಗಿದ್ದಳು. ಹೀಗಾಗಿ ಈ ವಿಷಯ ಆ ಮನೆತನಕ್ಕೆ ಹೊಸದೇನೂ ಆಗಿರಲಿಲ್ಲ. ಸಹಿ ಹಾಕಿದ ಮೂರೇ ವಾರಗಳಲ್ಲಿ ಕೆನಡಿ ಹತ್ಯೆಯಾಯಿತು.

ಆಸ್ಪತ್ರೆಗಳು ಬರಿದಾದದ್ದು ನಿಜ. 1980ರ ಹೊತ್ತಿಗೆ ಅವುಗಳಲ್ಲಿ ಉಳಿದಿದ್ದವರು 1 ಲಕ್ಷ 40 ಸಾವಿರಕ್ಕೂ ಕಡಿಮೆ. ಆದರೆ ಅವುಗಳ ಬದಲಿಗೆ ಬರಬೇಕಿದ್ದ ಸುಮಾರು 1,500 ಕೇಂದ್ರಗಳಲ್ಲಿ ಅರ್ಧದಷ್ಟು ಮಾತ್ರ ಬಂದವು. ಒಬ್ಬನನ್ನು ಅವನ ಇಚ್ಛೆಗೆ ವಿರುದ್ಧವಾಗಿ ಆಸ್ಪತ್ರೆಗೆ ಸೇರಿಸುವ ಕಾನೂನು ಕೂಡ ಬಿಗಿಯಾಯಿತು. ಅಪಾಯಕಾರಿಯಲ್ಲದ, ತನ್ನ ಬದುಕು ತಾನು ನೋಡಿಕೊಳ್ಳಬಲ್ಲ ವ್ಯಕ್ತಿಯನ್ನು ಮನೋರೋಗದ ಕಾರಣಕ್ಕಷ್ಟೇ ಕೂಡಿಹಾಕುವಂತಿಲ್ಲ ಎಂದು 1975ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಮನುಷ್ಯನ ಸ್ವಾತಂತ್ರ್ಯದ ದೃಷ್ಟಿಯಿಂದ ಇದು ದೊಡ್ಡ ಗೆಲುವೇ. ಆದರೆ ಬಿಡುಗಡೆಯಾದವನಿಗೆ ಮಾತ್ರೆ ಕೊಡುವವರು, ಕೆಲಸ ಕೊಡುವವರು, ಸೂರು ಕೊಡುವವರು ಯಾರು ಎಂಬ ಪ್ರಶ್ನೆ ಹಾಗೇ ಉಳಿಯಿತು.

ಉಳಿದ ಪ್ರಶ್ನೆ ಪೊಲೀಸ್ ಠಾಣೆಯ ಬಾಗಿಲಿಗೆ ಬಂದು ನಿಂತಿತು. ಕಚೇರಿಗಳು ಸಂಜೆ ಮುಚ್ಚುತ್ತವೆ, ಹೊರರೋಗಿ ವಿಭಾಗ ಮಧ್ಯಾಹ್ನಕ್ಕೇ ಮುಚ್ಚುತ್ತದೆ. ದಿನದ 24 ಗಂಟೆಯೂ ಯಾರ ಕರೆಗಾದರೂ ಓಗೊಡುವ, ಬಿಟ್ಟಿಯಾಗಿ ಬರುವ ಇಲಾಖೆ ಪೊಲೀಸ್ ಒಂದೇ. 1967ರಷ್ಟು ಹಿಂದೆಯೇ ಸಮಾಜಶಾಸ್ತ್ರಜ್ಞ ಎಗಾನ್ ಬಿಟ್ನರ್ ಇದನ್ನು ಗುರುತಿಸಿದ್ದ. ಗಸ್ತಿನ ಪೊಲೀಸರು ಮನೋರೋಗಿಗಳ ವಿಷಯದಲ್ಲಿ ಕಾನೂನು ಪುಸ್ತಕ ನೋಡಿ ನಡೆಯುವುದಿಲ್ಲ; ಸಮಾಧಾನ ಮಾಡಿ, ಪರಿಚಯದವರಿಗೆ ಒಪ್ಪಿಸಿ, ಹೇಗೋ ಸಂದರ್ಭ ನಿಭಾಯಿಸುತ್ತಾರೆ ಎಂದು ಆತ ಬರೆದ.

ನಿಭಾಯಿಸಲಾಗದಾಗ ಉಳಿಯುವುದು ಬಂಧನ. ಮನೋವಿಕಾರದ ಲಕ್ಷಣವಿದ್ದವರನ್ನು ಪೊಲೀಸರು ಉಳಿದವರಿಗಿಂತ ಹೆಚ್ಚಾಗಿ ಬಂಧಿಸುತ್ತಿದ್ದಾರೆ ಎಂದು 1984ರಲ್ಲಿ ಪ್ರಕಟವಾದ ಲಿಂಡಾ ಟೆಪ್ಲಿನ್ ಅವರ ಅಧ್ಯಯನ ತೋರಿಸಿತು. ಕಾರಣ ಕ್ರೌರ್ಯವಲ್ಲ, ಅನುಕೂಲ. ಆಸ್ಪತ್ರೆ 'ಇವನಿಗೆ ಕಾಯಿಲೆ ಸಾಲದು' ಎಂದು ವಾಪಸು ಕಳಿಸಬಹುದು, 'ಇವನು ಕುಡಿದಿದ್ದಾನೆ' ಎಂದು ಬಾಗಿಲು ಹಾಕಬಹುದು. ಜೈಲು ಯಾರನ್ನೂ ಬೇಡ ಎನ್ನುವುದಿಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ನಮ್ಮ ಗಾದೆಯ ಸ್ಥಿತಿ ಆ ಪೊಲೀಸನದು. ರೋಗ ವಿಪರೀತಕ್ಕೆ ಹೋಗದೆ ಆಸ್ಪತ್ರೆ ಸೇರಿಸಿಕೊಳ್ಳುವುದಿಲ್ಲ. ಆಸ್ಪತ್ರೆ ಸೇರದೆ ರೋಗ ವಿಪರೀತಕ್ಕೆ ಹೋಗುವುದು ತಪ್ಪುವುದಿಲ್ಲ.

ಮೆಂಫಿಸ್ ಮಾಡಿದ್ದೇನು?

1987ರ ಸಾವಿನ ನಂತರ ಮೆಂಫಿಸ್‌ನ ಮೇಯರ್ ರಿಚರ್ಡ್ ಹ್ಯಾಕೆಟ್ ಒಂದು ಕಾರ್ಯಪಡೆ ರಚಿಸಿದರು. ಪೊಲೀಸ್ ಇಲಾಖೆ, ಮೆಂಫಿಸ್ ಮತ್ತು ಟೆನೆಸ್ಸಿ ವಿಶ್ವವಿದ್ಯಾಲಯಗಳು, ಮಾನಸಿಕ ಆರೋಗ್ಯ ಕೇಂದ್ರಗಳು ಅದರಲ್ಲಿದ್ದವು. ಇವರ ಜೊತೆಗೆ ರೋಗಿಗಳ ತಂದೆತಾಯಿ, ಅಣ್ಣತಮ್ಮಂದಿರು ಕಟ್ಟಿಕೊಂಡಿದ್ದ ಸಂಘವೂ ಇತ್ತು. ನ್ಯಾಮಿ ಎಂಬ ಹೆಸರಿನ ಈ ರಾಷ್ಟ್ರೀಯ ಸಂಘ 1979ರಲ್ಲಿ ವಿಸ್ಕಾನ್ಸಿನ್‌ನ ಮ್ಯಾಡಿಸನ್ ನಗರದಲ್ಲಿ ಹುಟ್ಟಿತ್ತು. ಮಕ್ಕಳ ಕಾಯಿಲೆಗೆ ತಾಯಂದಿರೇ ಕಾರಣ ಎಂದು ಆ ಕಾಲದ ಕೆಲವು ಮನೋವೈದ್ಯರು ಹೇಳುತ್ತಿದ್ದುದನ್ನು ಕೇಳಿ ಕೇಳಿ ರೋಸಿದ ಪಾಲಕರು ಕಟ್ಟಿದ ಸಂಘ ಅದು. ಪೊಲೀಸರ ಮೇಲೆ ಮೊಕದ್ದಮೆ ಹೂಡುವ ಬದಲು ಪೊಲೀಸರ ಎದುರು ಕುಳಿತು ಪಾಠ ಹೇಳಲು ಈ ಕುಟುಂಬಗಳು ಒಪ್ಪಿದವು.

ಹೀಗೆ 1988ರಲ್ಲಿ ಹುಟ್ಟಿದ್ದು 'ಕ್ರೈಸಿಸ್ ಇಂಟರ್‌ವೆನ್ಷನ್ ಟೀಮ್', ಚಿಕ್ಕದಾಗಿ ಸಿಐಟಿ. ಸಂಕಟದ ಹೊತ್ತಿನಲ್ಲಿ ಮಧ್ಯೆ ಪ್ರವೇಶಿಸುವ ತಂಡ ಎಂಬುದು ಇದರ ಅರ್ಥ. ಪೊಲೀಸ್ ಕಡೆಯಿಂದ ಸ್ಯಾಮ್ ಕಾಕ್ರನ್ ಎಂಬ ಅಧಿಕಾರಿ, ವಿಶ್ವವಿದ್ಯಾಲಯದ ಕಡೆಯಿಂದ ಮನಶ್ಶಾಸ್ತ್ರಜ್ಞ ರ‍್ಯಾಂಡಾಲ್ಫ್ ಡುಪಾಂಟ್ ಇದರ ಬೆನ್ನೆಲುಬಾದರು.

ತಂಡದ ರೀತಿ ಸರಳವಾಗಿತ್ತು. ಎಲ್ಲ ಪೊಲೀಸರಿಗೂ ಕಡ್ಡಾಯ ಮಾಡಲಿಲ್ಲ. ಇಚ್ಛೆಪಟ್ಟು ಮುಂದೆ ಬಂದವರಲ್ಲಿ ಆಯ್ದು 40 ಗಂಟೆಗಳ ತರಬೇತಿ ಕೊಟ್ಟರು. ಸಿಡುಕಿನವನನ್ನು ತರಗತಿಯಲ್ಲಿ ಕೂರಿಸಿದ ಮಾತ್ರಕ್ಕೆ ಸಮಾಧಾನಿಯಾಗುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ತರಬೇತಿಯಲ್ಲಿ ರೋಗಗಳ ಪರಿಚಯ, ಔಷಧಿಗಳ ಪರಿಚಯ, ಕಾನೂನು ಇದ್ದವು. ರೋಗದಿಂದ ಚೇತರಿಸಿಕೊಂಡವರು ಮತ್ತು ಅವರ ಮನೆಯವರು ಬಂದು ತಮ್ಮ ಅನುಭವ ಹೇಳುತ್ತಿದ್ದರು. ನಟನೆಯ ಮೂಲಕ ನಿಜವಾದ ಸಂದರ್ಭಗಳ ಅಭ್ಯಾಸ ನಡೆಯುತ್ತಿತ್ತು. ವೈದ್ಯರು, ಕುಟುಂಬದವರು ಇದಕ್ಕೆ ನಗರದಿಂದ ಹಣ ಪಡೆಯಲಿಲ್ಲ.

ತರಬೇತಿಯ ತಿರುಳು ಪೊಲೀಸ್ ಶಿಕ್ಷಣಕ್ಕೆ ತೀರ ವಿರುದ್ಧವಾದದ್ದು. ಸಾಮಾನ್ಯ ಅಪರಾಧಿಯ ಎದುರು ಪೊಲೀಸನಿಗೆ ಕಲಿಸಿದ್ದು ಮೂರು: ದನಿ ಎತ್ತು, ಹತ್ತಿರ ನುಗ್ಗು, ಬೇಗ ಮುಗಿಸು. ಕಿವಿಯಲ್ಲಿ ಇಲ್ಲದ ದನಿಗಳನ್ನು ಕೇಳುತ್ತಿರುವ, ಎಲ್ಲರೂ ತನ್ನನ್ನು ಕೊಲ್ಲಲು ಬಂದಿದ್ದಾರೆ ಎಂದು ನಂಬಿರುವ ಮನುಷ್ಯನ ಎದುರು ಈ ಮೂರೂ ಬೆಂಕಿಗೆ ತುಪ್ಪ ಸುರಿದಂತೆ. ಅಲ್ಲಿ ಬೇಕಾದದ್ದು ತಗ್ಗಿದ ದನಿ, ಒಂದಿಷ್ಟು ಅಂತರ ಮತ್ತು ಸಮಯ. ಒಬ್ಬನೇ ಮಾತನಾಡಬೇಕು, ತನ್ನ ಹೆಸರು ಹೇಳಿ, ಅವನ ಹೆಸರು ಕೇಳಬೇಕು. ಅವನಿಗೆ ಕಾಣುತ್ತಿರುವುದು ಸುಳ್ಳೆಂದು ವಾದಿಸಬಾರದು, ನಿಜವೆಂದು ನಾಟಕವನ್ನೂ ಆಡಬಾರದು.

ತಂಡದವರು ಠಾಣೆಯಲ್ಲಿ ಕಾದು ಕೂರುತ್ತಿರಲಿಲ್ಲ. ಎಂದಿನಂತೆ ಗಸ್ತಿನಲ್ಲಿರುತ್ತಿದ್ದರು, ಮನೋರೋಗಕ್ಕೆ ಸಂಬಂಧಿಸಿದ ಕರೆ ಬಂದೊಡನೆ ಕಂಟ್ರೋಲ್ ರೂಮಿನವರು ಸಮೀಪದ ತಂಡದವನನ್ನು ಕಳಿಸುತ್ತಿದ್ದರು. ಸ್ಥಳದಲ್ಲಿ ಅವನ ಮಾತೇ ಮೇಲು.

ಇಷ್ಟೇ ಆಗಿದ್ದರೆ ಮೆಂಫಿಸ್ ಪ್ರಯೋಗ ಬಹುಶಃ ಸೋಲುತ್ತಿತ್ತು. ಗೆಲುವಿನ ಗುಟ್ಟು ಆಸ್ಪತ್ರೆಯಲ್ಲಿತ್ತು. ನಗರದ ಸಾರ್ವಜನಿಕ ಆಸ್ಪತ್ರೆಯ ತುರ್ತು ವಿಭಾಗ ಒಂದು ಮಾತು ಕೊಟ್ಟಿತು: ತಂಡದವರು ಕರೆತಂದ ಯಾರನ್ನೂ ಹಿಂದಕ್ಕೆ ಕಳಿಸುವುದಿಲ್ಲ, ಪೊಲೀಸನನ್ನು ಗಂಟೆಗಟ್ಟಲೆ ಕಾಯಿಸುವುದಿಲ್ಲ. ರೋಗಿಯನ್ನು ಒಪ್ಪಿಸಿ ಅವನು ಸ್ವಲ್ಪ ಹೊತ್ತಿನಲ್ಲೇ ಗಸ್ತಿಗೆ ಮರಳಬಹುದು. ಜೈಲಿಗೆ ಒಯ್ಯುವುದಕ್ಕಿಂತ ಆಸ್ಪತ್ರೆಗೆ ಒಯ್ಯುವುದೇ ಸುಲಭವಾದಾಗ ಪೊಲೀಸರು ಆಸ್ಪತ್ರೆಗೇ ಒಯ್ದರು. ಉಪದೇಶ ಮಾಡದಿದ್ದುದನ್ನು ಅನುಕೂಲ ಮಾಡಿತು.

ಲೆಕ್ಕ ಹೇಳುವುದು

ಈ ಮಾತಿಗೆ ಅಂಕಿಸಂಖ್ಯೆಯ ಆಧಾರವಿದೆ. ಹೆನ್ರಿ ಸ್ಟೆಡ್‌ಮನ್ ಮತ್ತು ಸಂಗಡಿಗರು ಅಮೆರಿಕದ ಮೂರು ನಗರಗಳ ಕರೆಗಳನ್ನು ಹೋಲಿಸಿ ನೋಡಿ 2000ದಲ್ಲಿ ವರದಿ ಪ್ರಕಟಿಸಿದರು. ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಪೊಲೀಸ್ ಇಲಾಖೆಯೇ ಸಮಾಜಸೇವಕರನ್ನು ನೇಮಿಸಿಕೊಂಡಿತ್ತು. ಟೆನೆಸ್ಸಿಯ ನಾಕ್ಸ್‌ವಿಲ್‌ನಲ್ಲಿ ಮಾನಸಿಕ ಆರೋಗ್ಯ ಕೇಂದ್ರದ ಸಂಚಾರಿ ತಂಡವಿತ್ತು. ಮೆಂಫಿಸ್‌ನಲ್ಲಿ ತರಬೇತಾದ ಪೊಲೀಸರಿದ್ದರು. ಕರೆಗಳು ಬಂಧನದಲ್ಲಿ ಕೊನೆಗೊಂಡ ಪ್ರಮಾಣ ಬರ್ಮಿಂಗ್‌ಹ್ಯಾಮ್‌ನಲ್ಲಿ ಶೇ 13, ನಾಕ್ಸ್‌ವಿಲ್‌ನಲ್ಲಿ ಶೇ 5, ಮೆಂಫಿಸ್‌ನಲ್ಲಿ ಶೇ 2. ಮೆಂಫಿಸ್‌ನ ಕರೆಗಳ ಪೈಕಿ ಶೇ 75ರಲ್ಲಿ ರೋಗಿಯನ್ನು ಚಿಕಿತ್ಸೆಯ ತಾಣಕ್ಕೆ ತಲುಪಿಸಲಾಗಿತ್ತು. ವಿಶೇಷ ತಂಡ ಯಾವುದೇ ಇರಲಿ, ಕರೆದೊಯ್ದವನನ್ನು ತಕರಾರಿಲ್ಲದೆ ಒಳಗೆ ಬಿಟ್ಟುಕೊಳ್ಳುವ ತಾಣ ಇರುವುದು ಮುಖ್ಯ ಎಂಬುದು ಅಧ್ಯಯನದಿಂದ ಹೊರಟ ಪಾಠ.

ಆದರೆ ಈ ಲೆಕ್ಕಕ್ಕೆ ಇನ್ನೊಂದು ಮಗ್ಗುಲೂ ಇದೆ. ಸಿಐಟಿ ಮಾದರಿ ಮುಂದೆ ಅಮೆರಿಕದ 2,700ಕ್ಕೂ ಹೆಚ್ಚು ಊರುಗಳಿಗೆ ಹಬ್ಬಿತು. ಹಬ್ಬುವಾಗ ಅನೇಕ ಕಡೆ 40 ಗಂಟೆಯ ತರಬೇತಿ ಮಾತ್ರ ಹೋಯಿತು, ಆಸ್ಪತ್ರೆಯ ವಾಗ್ದಾನ ಹೋಗಲಿಲ್ಲ. ತರಬೇತಿಯಿಂದ ಪೊಲೀಸರ ತಿಳಿವಳಿಕೆ ಹೆಚ್ಚುತ್ತದೆ, ಧೋರಣೆ ಬದಲಾಗುತ್ತದೆ ಎಂಬುದಕ್ಕೆ ಅಧ್ಯಯನಗಳಲ್ಲಿ ಸಾಕ್ಷ್ಯವಿದೆ. ಸಾವು, ಗಾಯಗಳು ಅದರಿಂದ ಕಡಿಮೆಯಾಗಿವೆ ಎಂಬುದಕ್ಕೆ ಅಷ್ಟು ಗಟ್ಟಿ ಸಾಕ್ಷ್ಯ ಸಿಕ್ಕಿಲ್ಲ. 'ವಾಷಿಂಗ್ಟನ್ ಪೋಸ್ಟ್' ಪತ್ರಿಕೆ 2015ರಿಂದ ಕಲೆಹಾಕಿದ ದಾಖಲೆಗಳ ಪ್ರಕಾರ ಅಮೆರಿಕದ ಪೊಲೀಸರ ಗುಂಡಿಗೆ ಸತ್ತವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಮನೋರೋಗವಿತ್ತು. ಎರಡು ಕಲ್ಲಿನ ಮೇಲೆ ಮಡಕೆ ಇಟ್ಟರೆ ಆಗುವುದು ಇದೇ.

ಪಿಸ್ತೂಲಿಲ್ಲದ ವ್ಯಾನು

ಪೊಲೀಸನಿಗೆ ಕಲಿಸುವ ಬದಲು ಪೊಲೀಸನೇ ಬರದಂತೆ ಮಾಡಿದರೆ? ಈ ದಾರಿ ಹಿಡಿದದ್ದು ಪೆಸಿಫಿಕ್ ತೀರದ ಆರೆಗನ್ ರಾಜ್ಯದ ಯೂಜೀನ್ ನಗರ. ಅಲ್ಲಿ 1970ರ ಸುಮಾರಿಗೆ ಹಿಪ್ಪಿ ಕಾಲದ ಯುವಜನರು ಕೂಡಿ 'ವೈಟ್ ಬರ್ಡ್' ಎಂಬ ಉಚಿತ ಚಿಕಿತ್ಸಾಲಯ ತೆರೆದಿದ್ದರು. ಸರ್ಕಾರ, ಪೊಲೀಸು ಎಂದರೆ ಮೂಗು ಮುರಿಯುತ್ತಿದ್ದ ಗುಂಪು ಅದು. 1989ರ ಜುಲೈ 4ರಂದು ಇದೇ ಗುಂಪು ಪೊಲೀಸ್ ಇಲಾಖೆಯೊಂದಿಗೆ ಒಪ್ಪಂದ ಮಾಡಿಕೊಂಡು 'ಕಹೂಟ್ಸ್' ಸೇವೆ ಆರಂಭಿಸಿತು. ಉದ್ದನೆಯ ಹೆಸರಿನ ಮೊದಲಕ್ಷರಗಳನ್ನು ಜೋಡಿಸಿದ ಈ ಪದಕ್ಕೆ ಇಂಗ್ಲಿಷಿನಲ್ಲಿ 'ಒಳಗೊಳಗೇ ಶಾಮೀಲು' ಎಂಬ ಅರ್ಥವಿದೆ. ಪೊಲೀಸರ ಜೊತೆ ಕೈಸೇರಿಸಿದ ತಮ್ಮನ್ನು ತಾವೇ ಗೇಲಿ ಮಾಡಿಕೊಂಡ ಹೆಸರು.

ಪೊಲೀಸರಿಗೆ ಬಂದ ಕರೆಯಲ್ಲಿ ಅಪರಾಧದ, ಆಯುಧದ ಸುಳಿವಿಲ್ಲದಿದ್ದರೆ ವ್ಯಾನೊಂದನ್ನು ಕಳಿಸಲಾಗುತ್ತಿತ್ತು. ಅದರಲ್ಲಿ ಇಬ್ಬರು: ಪ್ರಥಮ ಚಿಕಿತ್ಸೆ ಬಲ್ಲ ಒಬ್ಬರು, ಮನೋಸಂಕಟವನ್ನು ನಿಭಾಯಿಸಬಲ್ಲ ಇನ್ನೊಬ್ಬರು. ಸಮವಸ್ತ್ರವಿಲ್ಲ, ಪಿಸ್ತೂಲಿಲ್ಲ, ಬೇಡಿಯಿಲ್ಲ. ಹರಿದ ಕಾಲಿಗೆ ಪಟ್ಟಿ ಕಟ್ಟುವುದು, ನೀರು ಕೊಡುವುದು, ರಾತ್ರಿ ಮಲಗಲು ತಾಣ ಹುಡುಕಿಕೊಡುವುದು, ಆತ್ಮಹತ್ಯೆಯ ಯೋಚನೆಯಲ್ಲಿರುವವನ ಪಕ್ಕದಲ್ಲಿ ಕುಳಿತು ಮಾತನಾಡುವುದು ಅವರ ಕೆಲಸ. 2019ರಲ್ಲಿ ಈ ವ್ಯಾನುಗಳು ಸುಮಾರು 24 ಸಾವಿರ ಕರೆಗಳಿಗೆ ಹೋದವು. ಪೊಲೀಸರ ನೆರವು ಕೇಳಬೇಕಾಗಿ ಬಂದದ್ದು ಅವುಗಳಲ್ಲಿ ಶೇ 2ಕ್ಕಿಂತ ಕಡಿಮೆ. 2020ರಲ್ಲಿ ಜಾರ್ಜ್ ಫ್ಲಾಯ್ಡ್ ಸಾವಿನ ನಂತರ ಅಮೆರಿಕದ ಹಲವು ನಗರಗಳು ಯೂಜೀನ್‌ನತ್ತ ನೋಡಿದವು. ಡೆನ್ವರ್ ನಗರ ಅದೇ ವರ್ಷ ಜೂನ್‌ನಲ್ಲಿ ಇಂಥದೇ ಸೇವೆ ಆರಂಭಿಸಿತು. ಮನೋಸಂಕಟದ ಕರೆಗಳಿಗೆಂದೇ 2022ರ ಜುಲೈನಲ್ಲಿ 988 ಎಂಬ ಮೂರಂಕಿಯ ದೂರವಾಣಿ ಸಂಖ್ಯೆ ಇಡೀ ಅಮೆರಿಕದಲ್ಲಿ ಜಾರಿಗೆ ಬಂತು.

ವಿಪರ್ಯಾಸ ನೋಡಿ. ದೇಶಕ್ಕೆ ಮಾದರಿಯಾದ ಸೇವೆ ತನ್ನ ಊರಿನಲ್ಲೇ ಉಳಿಯಲಿಲ್ಲ. ಹಣದ ಮುಗ್ಗಟ್ಟಿನಿಂದಾಗಿ 2025ರ ಏಪ್ರಿಲ್‌ನಲ್ಲಿ ಯೂಜೀನ್‌ನಲ್ಲಿ ಕಹೂಟ್ಸ್ ನಿಂತುಹೋಯಿತು. ಮೂವತ್ತೈದು ವರ್ಷ ನಡೆದ ಕೆಲಸ ನಿಂತದ್ದು ವಿಚಾರ ತಪ್ಪೆಂದಲ್ಲ. ಪೊಲೀಸ್ ಇಲಾಖೆಗೆ ವರ್ಷ ವರ್ಷವೂ ಬಜೆಟ್ಟಿನಲ್ಲಿ ಖಾಯಂ ಹಣವಿರುತ್ತದೆ. ಅದರ ಜೊತೆಗಾರನಾದ ಸೇವಾಸಂಸ್ಥೆಗೆ ಆ ಭರವಸೆ ಇರುವುದಿಲ್ಲ. ಸಂಸ್ಥೆ ಬಾಗಿಲು ಹಾಕಿದರೂ ಕರೆಗಳು ನಿಲ್ಲುವುದಿಲ್ಲ. ಅವು ಮತ್ತೆ ಪೊಲೀಸರಿಗೇ ಹೋಗುತ್ತವೆ.

ಬ್ರಿಟನ್ನಿನಲ್ಲೂ ಈ ಎಳೆದಾಟ ನಡೆದಿದೆ. ಅಲ್ಲಿನ 1983ರ ಮಾನಸಿಕ ಆರೋಗ್ಯ ಕಾಯಿದೆಯ 136ನೇ ಕಲಮು ಮನೋಸಂಕಟದಲ್ಲಿರುವವರನ್ನು 'ಸುರಕ್ಷಿತ ತಾಣ'ಕ್ಕೆ ಒಯ್ಯುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿದೆ. ಬಹುಕಾಲ ಆ ಸುರಕ್ಷಿತ ತಾಣ ಎಷ್ಟೋ ಸಲ ಠಾಣೆಯ ಲಾಕಪ್ಪೇ ಆಗಿತ್ತು. 2017ರಲ್ಲಿ ಕಾನೂನು ತಿದ್ದಿ, 18 ವರ್ಷದೊಳಗಿನವರನ್ನು ಲಾಕಪ್ಪಿನಲ್ಲಿ ಇಡುವುದನ್ನು ನಿಷೇಧಿಸಲಾಯಿತು. 2020ರಿಂದ ಹಂಬರ್‌ಸೈಡ್ ಪೊಲೀಸರು, 2023ರಿಂದ ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸರು, ಜೀವಾಪಾಯ ಅಥವಾ ಅಪರಾಧ ಇಲ್ಲದ ಇಂಥ ಕರೆಗಳಿಗೆ ಹೋಗುವುದನ್ನು ಕಡಿಮೆ ಮಾಡಿದರು. ಪೊಲೀಸರು ಹಿಂದೆ ಸರಿದ ಜಾಗಕ್ಕೆ ದಾದಿಯೋ ವೈದ್ಯರೋ ಬಂದರೆ ಸರಿ. ಯಾರೂ ಬಾರದಿದ್ದರೆ ಗತಿಯೇನು ಎಂಬ ಆತಂಕವನ್ನು ಅಲ್ಲಿನ ರೋಗಿಗಳ ಪರ ಸಂಘಗಳು ವ್ಯಕ್ತಪಡಿಸಿವೆ.

ದಾರೋಗನ ಕಾಲದಿಂದ ನಮ್ಮಲ್ಲಿ

ಬ್ರಿಟಿಷರ ಕಾನೂನಿನ ಮಾತು ಬಂದ ಮೇಲೆ ನಮ್ಮ ಕಡೆ ತಿರುಗದೆ ವಿಧಿಯಿಲ್ಲ. ಏಕೆಂದರೆ ಮನೋರೋಗಿಯನ್ನು ಪೊಲೀಸರ ಸುಪರ್ದಿಗೆ ಒಪ್ಪಿಸುವ ಪದ್ಧತಿಯನ್ನು ಇಲ್ಲಿ ಕಾನೂನಾಗಿ ಬರೆದವರು ಅವರೇ. 1858ರ ಹುಚ್ಚಾಸ್ಪತ್ರೆ ಕಾಯಿದೆಯ ಪ್ರಕಾರ ದಿಕ್ಕಿಲ್ಲದೆ ಅಲೆಯುವ ಬುದ್ಧಿಭ್ರಮಣೆಯವರನ್ನು ಹಿಡಿದು ಮ್ಯಾಜಿಸ್ಟ್ರೇಟರ ಮುಂದೆ ತರುವುದು ಪೊಲೀಸ್ ದಾರೋಗನ ಕರ್ತವ್ಯ. 1912ರ ಕಾಯಿದೆಯೂ ಇದನ್ನೇ ಮುಂದುವರಿಸಿತು. ಕಾಯಿದೆಗಳಲ್ಲಿ ಪೊಲೀಸನಿದ್ದ, ಮ್ಯಾಜಿಸ್ಟ್ರೇಟನಿದ್ದ, ಎತ್ತರದ ಗೋಡೆಯ ಆಸ್ಪತ್ರೆಯಿತ್ತು. ಹುಚ್ಚಾಸ್ಪತ್ರೆ ದೂರವಿದ್ದ ಕಡೆ, ಜಾಗವಿಲ್ಲದ ಕಡೆ ಜೈಲೇ ಅದರ ಬದಲಿಯಾಯಿತು.

ಸ್ವಾತಂತ್ರ್ಯ ಬಂದ ಮೇಲೂ ಇದು ನಿಲ್ಲಲಿಲ್ಲ. ಯಾವ ಅಪರಾಧವನ್ನೂ ಮಾಡದ ಮನೋರೋಗಿಗಳು ಪಶ್ಚಿಮ ಬಂಗಾಳದ ಜೈಲುಗಳಲ್ಲಿ ವರ್ಷಗಟ್ಟಲೆ ಕೊಳೆಯುತ್ತಿರುವುದರ ವಿರುದ್ಧ ಪತ್ರಕರ್ತೆ ಶೀಲಾ ಬರ್ಸೆ ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. ಪರಿಶೀಲನೆಗೆ ನ್ಯಾಯಾಲಯ ನೇಮಿಸಿದವರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನ ಮನೋವೈದ್ಯ ಡಾ. ಆರ್. ಶ್ರೀನಿವಾಸಮೂರ್ತಿ ಮತ್ತು ಕಾನೂನು ವಿದ್ವಾಂಸೆ ಅಮಿತಾ ಧಂಡಾ ಇದ್ದರು. ಅಪರಾಧವೆಸಗದ ಮನೋರೋಗಿಯನ್ನು ಜೈಲಿಗೆ ಹಾಕುವುದು ಕಾನೂನುಬಾಹಿರ, ಸಂವಿಧಾನ ವಿರೋಧಿ ಎಂದು 1993ರಲ್ಲಿ ನ್ಯಾಯಾಲಯ ಸಾರಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಜಾರಿಗೆ ಬಂದಿದ್ದ 1987ರ ಮಾನಸಿಕ ಆರೋಗ್ಯ ಕಾಯಿದೆ ಹಳೆಯ ಭಾಷೆಯನ್ನು ತಿದ್ದಿತ್ತಾದರೂ ಠಾಣೆಯಿಂದ ಮ್ಯಾಜಿಸ್ಟ್ರೇಟರಿಗೆ, ಮ್ಯಾಜಿಸ್ಟ್ರೇಟರಿಂದ ಆಸ್ಪತ್ರೆಗೆ ಎಂಬ ಹಳೆಯ ದಾರಿಯನ್ನು ಹಾಗೇ ಉಳಿಸಿತ್ತು.

ಇದಕ್ಕೆ ಸಮಾನಾಂತರವಾಗಿ ಕರ್ನಾಟಕದಲ್ಲಿ ಇನ್ನೊಂದು ದಾರಿ ತೆರೆದುಕೊಳ್ಳುತ್ತಿತ್ತು. 1847ರಲ್ಲಿ ಆರಂಭವಾದ ಬೆಂಗಳೂರಿನ ಹುಚ್ಚಾಸ್ಪತ್ರೆ 1925ರಲ್ಲಿ ಮಾನಸಿಕ ಆಸ್ಪತ್ರೆಯೆಂಬ ಹೆಸರು ಪಡೆದು, 1974ರ ಡಿಸೆಂಬರ್‌ನಲ್ಲಿ ನಿಮ್ಹಾನ್ಸ್ ಆಯಿತು. ರೋಗಿಯ ಜೊತೆ ಮನೆಯವರೂ ಉಳಿದುಕೊಳ್ಳುವ ಕುಟುಂಬ ವಾರ್ಡು ಅಲ್ಲಿ ಬಂತು. ಎಪ್ಪತ್ತರ ದಶಕದಲ್ಲಿ ಸಕಲವಾರದಲ್ಲಿ, ಎಂಬತ್ತರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಮತ್ತು ಕಾರ್ಯಕರ್ತರ ಮೂಲಕವೇ ಮನೋರೋಗಕ್ಕೆ ಚಿಕಿತ್ಸೆ ಕೊಡುವ ಪ್ರಯೋಗ ನಡೆಯಿತು. ಬಳ್ಳಾರಿಯ ಅನುಭವವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅಡಿಪಾಯ. ಅತ್ತ ಚೆನ್ನೈನಲ್ಲಿ ಬೀದಿಗೆ ಬಿದ್ದ ಮನೋರೋಗಿ ಹೆಂಗಸರಿಗಾಗಿ 1993ರಲ್ಲಿ 'ಬನಿಯನ್' ಸಂಸ್ಥೆ ಹುಟ್ಟಿತು. ಮುಂಬಯಿಯಲ್ಲಿ ಮನೋವೈದ್ಯ ಭರತ್ ವಟವಾನಿ ಇಂಥವರನ್ನು ಬೀದಿಯಿಂದ ಕರೆತಂದು, ಗುಣಪಡಿಸಿ, ಊರಿಗೆ ಮುಟ್ಟಿಸುವ ಕೆಲಸ ಕೈಗೊಂಡರು. 2018ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ನಮ್ಮಲ್ಲಿ ಕುಟುಂಬವೇ ದೊಡ್ಡ ಆಸ್ಪತ್ರೆ ಎಂಬ ಮಾತಿದೆ. ಆದರೆ ಕುಟುಂಬವೊಂದನ್ನೇ ನಂಬಿ ಕೂತರೆ ಏನಾಗುತ್ತದೆ ಎಂಬುದಕ್ಕೂ ಸಾಕ್ಷಿಯಿದೆ. ತಮಿಳುನಾಡಿನ ಎರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ, ಮನೆಯವರೇ ತಂದುಬಿಟ್ಟಿದ್ದ 25ಕ್ಕೂ ಹೆಚ್ಚು ರೋಗಿಗಳು ಓಡಲಾಗದೆ ಸುಟ್ಟುಹೋದರು. ಅವರ ಕಾಲಿಗೆ ಸರಪಳಿ ಇತ್ತು.

ನೂರನೇ ಕಲಮು

2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆ ಹಳೆಯ ದಾರಿಯನ್ನು ಬದಲಿಸಿತು. 2018ರಲ್ಲಿ ಜಾರಿಗೆ ಬಂದ ಈ ಕಾಯಿದೆಯ ನೂರನೇ ಕಲಮನ್ನು ಪ್ರತಿ ಠಾಣೆಯ ಗೋಡೆಗೆ ಹಾಕಿದರೂ ತಪ್ಪಿಲ್ಲ. ಮನೋರೋಗದಿಂದ ಅಲೆಯುತ್ತಿರುವ, ತನ್ನನ್ನು ತಾನು ನೋಡಿಕೊಳ್ಳಲಾರದ ಅಥವಾ ಅಪಾಯದ ಸ್ಥಿತಿಯಲ್ಲಿರುವ ವ್ಯಕ್ತಿಯನ್ನು ಠಾಣಾಧಿಕಾರಿ ರಕ್ಷಣೆಗೆ ತೆಗೆದುಕೊಳ್ಳಬೇಕು. ಬಂಧನ ಎಂಬ ಮಾತೇ ಇಲ್ಲ. ಏಕೆ ಕರೆದೊಯ್ಯುತ್ತಿದ್ದೇವೆ ಎಂಬುದನ್ನು ಅವನಿಗೆ, ಅವನಿಗೆ ಅರ್ಥವಾಗದಿದ್ದರೆ ಅವನ ಪರವಾಗಿರುವವರಿಗೆ ತಿಳಿಸಬೇಕು. 24 ಗಂಟೆಯೊಳಗೆ ಸಮೀಪದ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು. ಯಾವ ಸಂದರ್ಭದಲ್ಲೂ ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡಕೂಡದು. ಮನೆಮಠ ಗೊತ್ತಿಲ್ಲದವನಾದರೆ ಕಾಣೆಯಾದವರ ಪ್ರಕರಣ ದಾಖಲಿಸಿ, ಅವನ ಮನೆಯವರನ್ನು ಹುಡುಕುವುದೂ ಅದೇ ಠಾಣೆಯ ಕರ್ತವ್ಯ. ಪೊಲೀಸರಿಗೆ ಕಾಲಕಾಲಕ್ಕೆ ಈ ವಿಷಯದಲ್ಲಿ ತಿಳಿವಳಿಕೆ ಕೊಡಬೇಕೆಂದು ಮೂವತ್ತನೇ ಕಲಮು ಸರ್ಕಾರಕ್ಕೆ ಹೇಳುತ್ತದೆ.

ಆತ್ಮಹತ್ಯೆಗೆ ಯತ್ನಿಸಿದವನು ತೀವ್ರ ಒತ್ತಡದಲ್ಲಿದ್ದನೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದು ಇದೇ ಕಾಯಿದೆ ಹೇಳಿತು. 2024ರ ಜುಲೈನಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ ದಂಡಸಂಹಿತೆಯ 309ನೇ ಕಲಮು ಇಲ್ಲ. ಸರ್ಕಾರಿ ನೌಕರನ ಕೈ ಕಟ್ಟಿಹಾಕಲೆಂದು ಮಾಡುವ ಯತ್ನ ಮಾತ್ರ ಅಪರಾಧವಾಗಿ ಉಳಿದಿದೆ. ಆಸ್ಪತ್ರೆಯ ಹಾಸಿಗೆಯ ಪಕ್ಕಕ್ಕೆ ಬರುವ ಪೊಲೀಸನ ಮೊದಲ ಪ್ರಶ್ನೆ ಇದರಿಂದ ಬದಲಾಗಬೇಕು.

ಇಲ್ಲಿಗೆ ಮೆಂಫಿಸ್‌ನ ಪಾಠ ನೆನಪಾಗುತ್ತದೆ. ಕಾನೂನು ಪೊಲೀಸನಿಗೆ ಕರ್ತವ್ಯ ವಿಧಿಸಿದೆ. ಆ ಕರ್ತವ್ಯ ಮಾಡಲು ಅವನ ಎದುರು ತೆರೆದ ಬಾಗಿಲು ಇದೆಯೇ? ರಾತ್ರಿ ಎರಡು ಗಂಟೆಗೆ ಹೋಬಳಿ ಮಟ್ಟದ ಠಾಣೆಯ ಹೆಡ್ ಕಾನ್‌ಸ್ಟೇಬಲ್ ಒಬ್ಬರು ಉದ್ರಿಕ್ತನಾದ ಯುವಕನನ್ನು ಜೀಪಿನಲ್ಲಿ ಕೂರಿಸಿಕೊಂಡು ತಾಲ್ಲೂಕು ಆಸ್ಪತ್ರೆಗೆ ಬಂದರೆ, ಕರ್ತವ್ಯದಲ್ಲಿರುವ ವೈದ್ಯರು 'ಇಲ್ಲಿ ಮನೋವೈದ್ಯರಿಲ್ಲ, ಜಿಲ್ಲಾ ಆಸ್ಪತ್ರೆಗೆ ಹೋಗಿ' ಎನ್ನಬಹುದು. ಅಲ್ಲಿ 'ಹಾಸಿಗೆ ಇಲ್ಲ' ಎನ್ನಬಹುದು. ಆಗ ಲಾಕಪ್ಪಿನ ನಿಷೇಧ ಕಾಗದದ ಮೇಲೆ ಉಳಿಯುತ್ತದೆ. ಠಾಣೆಯ ಬೆಂಚು ಆ ರಾತ್ರಿಯ ವಾರ್ಡಾಗುತ್ತದೆ. 2015-16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆಯಿತ್ತು. ಬೇರೆ ಬೇರೆ ಕಾಯಿಲೆಗಳಿಗೆ ಅನುಗುಣವಾಗಿ ಶೇ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆ ತಲುಪಿರಲಿಲ್ಲ. ಹಗಲು ಚಿಕಿತ್ಸೆ ತಲುಪದವರ ಮನೆಯಿಂದಲೇ ರಾತ್ರಿಯ ಕರೆ ಬರುವುದು.

ದೂರವಾಣಿಯ ಮಟ್ಟಿಗೆ ಒಂದು ಕೊಂಡಿ ಬೆಸೆದಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ 'ಟೆಲಿ ಮನಸ್' ಸೇವೆಯ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಇಡೀ ದೇಶಕ್ಕೆ ಇದರ ಮುಖ್ಯ ಕೇಂದ್ರ ನಿಮ್ಹಾನ್ಸ್. ಕನ್ನಡದಲ್ಲೂ ಮಾತನಾಡಬಹುದು. ಮನೆಯವರಷ್ಟೇ ಅಲ್ಲ, ಏನು ಮಾಡಬೇಕೆಂದು ತೋಚದ ಠಾಣಾಧಿಕಾರಿಯೂ ಈ ಸಂಖ್ಯೆಗೆ ಕರೆ ಮಾಡಿದರೆ ತಪ್ಪೇನಿಲ್ಲ. ಆದರೆ ದನಿ ತಲುಪುವ ಕಡೆಗೆಲ್ಲ ಕೈ ತಲುಪುವುದಿಲ್ಲ. ಕತ್ತಿ ಹಿಡಿದು ಅಟ್ಟ ಹತ್ತಿ ಕೂತವನನ್ನು ಇಳಿಸಲು ಯಾರಾದರೂ ಬರಲೇಬೇಕು. ಇಳಿದವನನ್ನು ಒಳಗೆ ಬಿಟ್ಟುಕೊಳ್ಳಲು ಯಾರಾದರೂ ಎಚ್ಚರವಾಗಿರಲೇಬೇಕು.

ಇದಕ್ಕೆ ಹೊಸ ಕಟ್ಟಡ, ಹೊಸ ಇಲಾಖೆ ಬೇಕಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರು, ತಾಲ್ಲೂಕಿನ ಠಾಣಾಧಿಕಾರಿಗಳು, ಗುಣಮುಖರಾದವರು, ಅವರ ಮನೆಯವರು ತಿಂಗಳಿಗೊಮ್ಮೆ ಒಂದೆಡೆ ಕೂರಬಹುದು. ಪ್ರತಿ ಠಾಣೆಯಲ್ಲಿ ಇಚ್ಛೆಯುಳ್ಳ ಒಬ್ಬಿಬ್ಬರಿಗೆ ಈ ಕೆಲಸ ವಹಿಸಬಹುದು. ಮೆಂಫಿಸ್‌ನ ಆಸ್ಪತ್ರೆ ಕೊಟ್ಟ ಮಾತನ್ನು ನಮ್ಮ ಜಿಲ್ಲಾ ಆಸ್ಪತ್ರೆಗಳೂ ಕೊಡಬಹುದು: ಪೊಲೀಸರು ಕರೆತಂದ ರೋಗಿಯನ್ನು ಹಿಂದಕ್ಕೆ ಕಳಿಸುವುದಿಲ್ಲ. ಯೂಜೀನ್‌ನ ಕತೆ ಮರುಕಳಿಸದಂತೆ ಅದಕ್ಕೆ ಬಜೆಟ್ಟಿನಲ್ಲಿ ಒಂದು ಸಾಲು ಇರಬೇಕು.

1858ರ ಕಾಯಿದೆ ದಾರೋಗನಿಗೆ ಹಿಡಿದು ತಾ ಎಂದಿತ್ತು. 2017ರ ಕಾಯಿದೆ ಠಾಣಾಧಿಕಾರಿಗೆ ರಕ್ಷಿಸಿ ತಾ ಎನ್ನುತ್ತದೆ. ಈ ಎರಡು ಮಾತುಗಳ ನಡುವೆ 159 ವರ್ಷ ಕಳೆದಿವೆ. ರಕ್ಷಿಸಿ ತಂದವನನ್ನು ಎಲ್ಲಿಗೆ ಒಪ್ಪಿಸಬೇಕು ಎಂಬುದನ್ನು ಪ್ರತಿ ತಾಲ್ಲೂಕೂ ತನ್ನ ಮಟ್ಟಿಗೆ ತೀರ್ಮಾನಿಸಿ, ಆ ಬಾಗಿಲಿನ ವಿಳಾಸವನ್ನು ಠಾಣೆಯ ಫಲಕದ ಮೇಲೆ ಬರೆದರೆ ಉಳಿದ ಕೆಲಸ ಅಲ್ಲಿಂದ ಶುರುವಾಗುತ್ತದೆ.